ಇವಾಮಾದ ಗುರು, ರೈಲ್ವೆಯ ಶಿಷ್ಯ



ಟೋಕಿಯೊ ನಗರದಿಂದ ಈಶಾನ್ಯ ದಿಕ್ಕಿಗೆ ಸುಮಾರು 100 ಕಿಲೋಮೀಟರ್ ರೈಲಿನಲ್ಲಿ ಹೋದರೆ ಇವಾಮಾ ಎಂಬ ಪುಟ್ಟ ಊರು ಸಿಗುತ್ತದೆ. ಇಬರಾಕಿ ಪ್ರಾಂತ್ಯಕ್ಕೆ ಸೇರಿದ್ದು. ಹತ್ತಿರದಲ್ಲೇ ಅತಾಗೊ ಬೆಟ್ಟ, ಸುತ್ತ ಹೊಲಗದ್ದೆ, ಚೆಸ್ಟ್‌ನಟ್ ತೋಟಗಳು. 1946ರ ಬೇಸಿಗೆಯಲ್ಲಿ ಅಲ್ಲೇ ಪಕ್ಕದ ಹಳ್ಳಿಯ ಹದಿನೆಂಟು ವರ್ಷದ ಹುಡುಗನೊಬ್ಬ ಈ ಊರಿನ ಅಂಚಿನಲ್ಲಿದ್ದ ಒಂದು ಮನೆಯನ್ನು ಹುಡುಕಿಕೊಂಡು ಹೋದ. ಹುಡುಗನ ಹೆಸರು ಮೊರಿಹಿರೊ ಸೈತೊ. ಆ ಮನೆಯಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಏನೋ ವಿಚಿತ್ರವಾದ ವಿದ್ಯೆ ಅಭ್ಯಾಸ ಮಾಡುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅದೇನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜಪಾನು ಯುದ್ಧ ಸೋತು ಆಗಿನ್ನೂ ಒಂದು ವರ್ಷ. ಊಟಕ್ಕೆ ಪರದಾಟ, ದೇಶದಲ್ಲಿ ವಿದೇಶಿ ಸೈನ್ಯ, ನಾಳೆ ಹೇಗೋ ಎಂಬ ಅಂಜಿಕೆ. ಶಾಲೆಯಲ್ಲಿದ್ದಾಗ ಕತ್ತಿವರಸೆ ಕಲಿತಿದ್ದ, ಆಮೇಲೆ ಕರಾಟೆಯ ಪರಿಚಯವೂ ಮಾಡಿಕೊಂಡಿದ್ದ ಈ ಹುಡುಗನಿಗೆ ಇದ್ದ ಆಸೆ ಸರಳವಾದದ್ದು: ತನ್ನನ್ನು ಯಾರೂ ಹೊಡೆಯದಷ್ಟು ಗಟ್ಟಿಯಾಗಬೇಕು.

ಮುದುಕರು ಕೇಳಿದರಂತೆ, ಇದನ್ನು ಯಾಕೆ ಕಲಿಯಬೇಕು ಅಂತಿದ್ದೀಯ ಎಂದು. ತಾವು ಹೇಳಿಕೊಟ್ಟರೆ ಕಲಿಯುತ್ತೇನೆ ಎಂದಷ್ಟೇ ಹೇಳಲು ಹುಡುಗನಿಗೆ ತೋಚಿತು. ಇದೇನು ವಿದ್ಯೆ ಗೊತ್ತೇ ಎಂದು ಮತ್ತೆ ಕೇಳಿದರು. ಗೊತ್ತಿರಲಿಲ್ಲ. ಹಾಗಾದರೆ ಈ ವಿದ್ಯೆಯಿಂದ ಜನರಿಗೂ ಸಮಾಜಕ್ಕೂ ಸೇವೆ ಮಾಡುವುದು ಹೇಗೆಂದು ಕಲಿಸುತ್ತೇನೆ ಎಂದರು ಮುದುಕರು. ಹೊಡೆದಾಟದ ವಿದ್ಯೆಗೂ ಜನಸೇವೆಗೂ ಏನು ಸಂಬಂಧವೆಂದು ತನಗೆ ಆ ಹೊತ್ತಿನಲ್ಲಿ ಏನೂ ಅರ್ಥವಾಗಲಿಲ್ಲ ಎಂದು ಸೈತೊ ಅವರು ಮುಂದೆ ದೊಡ್ಡ ಗುರುಗಳಾದ ಮೇಲೆ ಹೇಳಿಕೊಂಡಿದ್ದಾರೆ. ಅರ್ಥವಾಗದಿದ್ದರೂ ಮರುದಿನ ಹೋದರು. ಅದರ ಮರುದಿನವೂ ಹೋದರು. ಹೀಗೆ 23 ವರ್ಷ ಹೋದರು.

ಆ ಮುದುಕರೇ ಮೊರಿಹೈ ಉಯೆಶಿಬಾ, ಐಕಿಡೊ ವಿದ್ಯೆಯ ಸ್ಥಾಪಕರು. ಜಗತ್ತಿನಾದ್ಯಂತ ಅಭ್ಯಾಸಿಗಳು ಅವರನ್ನು ಓ-ಸೆನ್ಸೈ, ಅಂದರೆ ಮಹಾಗುರು ಎನ್ನುತ್ತಾರೆ. ಹುಟ್ಟಿದ್ದು 1883ರಲ್ಲಿ, ವಾಕಾಯಾಮಾ ಪ್ರಾಂತ್ಯದ ತಾನಾಬೆ ಎಂಬ ಕಡಲತಡಿಯ ಊರಿನಲ್ಲಿ. ಚಿಕ್ಕಂದಿನಲ್ಲಿ ಬಡಕಲು ಮೈ, ಕುಳ್ಳು ಶರೀರ. ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಸೈನ್ಯ ಸೇರಿದರು. 1912ರಲ್ಲಿ ತಮ್ಮ ಸೀಮೆಯ ಒಂದಷ್ಟು ಕುಟುಂಬಗಳನ್ನು ಕಟ್ಟಿಕೊಂಡು ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಹೋಗಿ, ಕಾಡು ಕಡಿದು, ಶಿರಾತಾಕಿ ಎಂಬಲ್ಲಿ ಬೇಸಾಯಕ್ಕೆ ನಿಂತರು. 1915ರಲ್ಲಿ ಹೊಕ್ಕೈಡೊದಲ್ಲಿಯೇ ಅವರಿಗೆ ಸೊಕಾಕು ತಾಕೆದಾ ಎಂಬ ಉಗ್ರ ಸ್ವಭಾವದ ಗುರು ದೊರೆತರು. ದೈತೊ-ರ್ಯು ಎಂಬ ಹಳೆಯ ಜುಜುತ್ಸು ಪಟ್ಟುಗಳನ್ನು ಉಯೆಶಿಬಾ ಕಲಿತದ್ದು ಅವರಿಂದ. ಮುಂದೆ 1919ರ ಕೊನೆಗೆ, ಹಾಸಿಗೆ ಹಿಡಿದಿದ್ದ ತಂದೆಯನ್ನು ನೋಡಲು ಹೊರಟವರು ದಾರಿಯಲ್ಲಿ ಅಯಾಬೆ ಎಂಬ ಊರಲ್ಲಿ ಇಳಿದು ಓಮೊತೊ ಪಂಥದ ನಾಯಕ ಓನಿಸಬುರೊ ದೆಗುಚಿ ಅವರನ್ನು ಕಂಡರು. ಬದುಕಿನ ದಿಕ್ಕು ಅಲ್ಲಿ ತಿರುಗಿತು. ತಾಕೆದಾ ಕೊಟ್ಟದ್ದು ಕೈಗೆ, ದೆಗುಚಿ ಕೊಟ್ಟದ್ದು ಮನಸ್ಸಿಗೆ ಎಂದು ನಾನು ತಿಳಿದಿದ್ದೇನೆ.

1930ರಲ್ಲಿ ಜೂಡೊ ಸ್ಥಾಪಕರಾದ ಜಿಗೊರೊ ಕಾನೊ ಅವರು ಉಯೆಶಿಬಾ ಅವರ ವಿದ್ಯೆಯನ್ನು ಕಣ್ಣಾರೆ ನೋಡಿ ಎಷ್ಟು ಮೆಚ್ಚಿದರೆಂದರೆ, ತಮ್ಮ ಶಿಷ್ಯರನ್ನೇ ಅವರ ಹತ್ತಿರ ಕಲಿಯಲು ಕಳಿಸಿದರು. ಮರುವರ್ಷ ಟೋಕಿಯೊದಲ್ಲಿ ಉಯೆಶಿಬಾ ಅವರ ಸ್ವಂತ ತರಬೇತಿ ಶಾಲೆ, ಅಂದರೆ ಡೋಜೊ, ತಲೆಯೆತ್ತಿತು. ಅಲ್ಲಿನ ಅಭ್ಯಾಸದ ಬಿರುಸಿಗೆ ಜನ ಅದನ್ನು ನರಕದ ಡೋಜೊ ಎಂದು ಕರೆದರು. ಸೈನ್ಯದ ಅಧಿಕಾರಿಗಳು, ನೌಕಾಪಡೆಯವರು, ಶ್ರೀಮಂತ ಮನೆತನದವರು, ಎಲ್ಲರೂ ಬಂದರು. ಇಷ್ಟೆಲ್ಲ ಹೆಸರು ಬಂದ ಮೇಲೆ, 1942ರಲ್ಲಿ, ಯುದ್ಧ ಉರಿಯುತ್ತಿದ್ದಾಗಲೇ ಉಯೆಶಿಬಾ ರಾಜಧಾನಿಯನ್ನು ಬಿಟ್ಟು ಹೆಂಡತಿ ಹಾತ್ಸು ಅವರ ಜೊತೆ ಇವಾಮಾಕ್ಕೆ ಬಂದು ನೆಲೆಸಿದರು. ಅಲ್ಲಿ ಮೊದಲೇ ಜಮೀನು ಕೊಂಡಿಟ್ಟಿದ್ದರು. ಐಕಿಡೊ ಎಂಬ ಹೆಸರು ಅಧಿಕೃತವಾಗಿ ಬಳಕೆಗೆ ಬಂದದ್ದೂ ಅದೇ ವರ್ಷ. ಹೊಲ ಉಳುವುದು, ದೇವರನ್ನು ಪ್ರಾರ್ಥಿಸುವುದು, ಅಭ್ಯಾಸ ಮಾಡುವುದು. ಈ ಮೂರು ಬಿಟ್ಟರೆ ಬೇರೆ ಕೆಲಸ ಬೇಡವೆಂದು ಬಂದ ಮನುಷ್ಯ ಅವರು.

ಈ ವಿದ್ಯೆಯಲ್ಲಿ ಏನಿದೆ ಎಂದು ಬಾನುಲಿಯಲ್ಲಿ ತೋರಿಸುವಂತಿಲ್ಲ. ಆದರೂ ಒಂದೇ ಒಂದು ಅಭ್ಯಾಸವನ್ನು ನಿಧಾನವಾಗಿ ಹೇಳುತ್ತೇನೆ, ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳಿ. ನಿಮ್ಮ ಎದುರಿಗೆ ಒಬ್ಬರು ನಿಂತಿದ್ದಾರೆ. ಅವರು ತಮ್ಮ ಎಡಗೈಯಿಂದ ನಿಮ್ಮ ಬಲ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾರೆ. ಸುಮ್ಮನೆ ತಾಗಿಸುವುದಿಲ್ಲ, ಬಲವಿದ್ದಷ್ಟೂ ಹಾಕಿ ಅದುಮಿ ಹಿಡಿಯುತ್ತಾರೆ. ನಮ್ಮ ಮೊದಲ ಬುದ್ಧಿ ಏನು? ಕೈ ಎಳೆದುಕೊಳ್ಳುವುದು, ಇಲ್ಲ ತಳ್ಳುವುದು. ಎಳೆದರೆ ಅವರೂ ಎಳೆಯುತ್ತಾರೆ, ತಳ್ಳಿದರೆ ಅವರೂ ತಳ್ಳುತ್ತಾರೆ. ಯಾರ ತೋಳು ದಪ್ಪವೋ ಅವರು ಗೆದ್ದರು. ಐಕಿಡೊದಲ್ಲಿ ಹಿಡಿಸಿಕೊಂಡ ಕೈಯನ್ನು ಅಲ್ಲೇ ಬಿಡಬೇಕು. ಬೆರಳುಗಳನ್ನು ಪೂರ್ತಿ ಬಿಡಿಸಿ ಚಾಚಬೇಕು. ಸೊಂಟವನ್ನು ತುಸು ಇಳಿಸಿ, ಮುಂದಿನ ಪಾದವನ್ನು ಅವರ ಪಾದದ ಹೊರಮಗ್ಗುಲಿಗೆ ತಂದಿಟ್ಟು, ಆ ಪಾದದ ಮೇಲೇ ಇಡೀ ಮೈಯನ್ನು ತಿರುಗಿಸಿ, ಇನ್ನೊಂದು ಕಾಲನ್ನು ಹಿಂದಕ್ಕೆ ಹಾಕಬೇಕು. ಈಗ ನೀವಿಬ್ಬರೂ ಅಕ್ಕಪಕ್ಕ ನಿಂತು ಒಂದೇ ಕಡೆಗೆ ನೋಡುತ್ತಿದ್ದೀರಿ. ಅವರ ಹಿಡಿತ ಹಾಗೇ ಇದೆ, ಆದರೆ ಎದುರಿಸಲು ಅವರ ಎದುರಿಗೆ ಯಾರೂ ಇಲ್ಲ. ನೋಡಲು ಇದು ಎರಡು ಕ್ಷಣದ ಚಲನೆ. ಇದರ ಹೆಸರು ತೈ ನೊ ಹೆಂಕೊ. ಇವಾಮಾದಲ್ಲಿ ಬರಿಗೈ ಅಭ್ಯಾಸದ ತರಗತಿ ಶುರುವಾಗುವುದೇ ಇದರಿಂದ.

ಆ ಪರಂಪರೆಯಲ್ಲಿ ಕಲಿತ ಗುರುವೊಬ್ಬರ ಕೈಕೆಳಗೆ ನಾನೂ ಇದನ್ನು ಅಭ್ಯಾಸ ಮಾಡಿದ್ದೇನೆ. ಆದ್ದರಿಂದ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಹಿಡಿಯುವವರು ಸಡಿಲವಾಗಿ ಹಿಡಿದರೆ ಈ ಅಭ್ಯಾಸದಿಂದ ಏನೂ ಸಿಗುವುದಿಲ್ಲ. ಹಿಡಿತ ಗಟ್ಟಿಯಾದಾಗಲೇ ನಮ್ಮ ಹೆಗಲು ಎಲ್ಲಿ ಬಿಗಿಯುತ್ತದೆ, ಹಿಮ್ಮಡಿ ಎಲ್ಲಿ ಏಳುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ನಮಗೇ ಗೊತ್ತಾಗುವುದು. ನನ್ನ ಗುರುಗಳು ನಮ್ಮ ಪಾದ ಒಂದೆರಡು ಬೆರಳಷ್ಟು ಆಚೀಚೆ ಆದರೂ ಬಂದು ತಿದ್ದುತ್ತಿದ್ದರು. ಏಕೆಂದು ವಿವರಿಸುತ್ತಿರಲಿಲ್ಲ. ತಿದ್ದಿ, ಮತ್ತೆ ಹಿಡಿಯಲು ಹೇಳುತ್ತಿದ್ದರು. ಹಾಗೆ ತಿದ್ದಿಸಿಕೊಂಡ ಪಾದದ ಮೇಲೆ ತಿರುಗಿದಾಗ, ಅಷ್ಟು ಹೊತ್ತು ಬಂಡೆಯಂತಿದ್ದ ಎದುರಾಳಿಯ ಭಾರ ತಾನಾಗಿ ಸರಿದುಹೋಗುವುದು ಮೈಗೆ ಗೊತ್ತಾಗುತ್ತದೆ. ಆ ಸಂತೋಷ ಬಹಳ ದೊಡ್ಡದು. ಉಯೆಶಿಬಾ ಅವರ ಬಗ್ಗೆ ಸೈತೊ ಅವರಿಗಿದ್ದ ಭಕ್ತಿಯ ಬೇರು ಇಲ್ಲಿದೆ ಎಂದು ನನಗೆ ಅನಿಸುವುದು ಆ ಅನುಭವದಿಂದಲೇ.

ಸೈತೊ ಅವರ ಉದ್ಯೋಗದ ವಿಷಯಕ್ಕೆ ಬರೋಣ. ಅವರು ಜಪಾನ್ ರಾಷ್ಟ್ರೀಯ ರೈಲ್ವೆಯ ನೌಕರರು. ಪಾಳಿ ಹೇಗೆಂದರೆ, 24 ಗಂಟೆ ಕೆಲಸ, ಆಮೇಲೆ 24 ಗಂಟೆ ಬಿಡುವು. ಆ ಬಿಡುವಿನ ದಿನವನ್ನು ಅವರು ಇಡಿಯಾಗಿ ಗುರುಗಳ ಮನೆಯಲ್ಲಿ ಕಳೆದರು. ಬೆಳಗಿನ ಜಾವ ಮೊದಲು ಪ್ರಾರ್ಥನೆ. ಉಯೆಶಿಬಾ 1944ರಲ್ಲಿ ಅಲ್ಲಿ ಐಕಿ ದೇಗುಲವನ್ನು ಪೂರ್ತಿ ಮಾಡಿಸಿದ್ದರು. ಮಂಡಿಯೂರಿ ಕುಳಿತು ಬಹಳ ಹೊತ್ತಿನ ಪ್ರಾರ್ಥನೆ ಮುಗಿದ ಮೇಲೆ ಬಯಲಿನಲ್ಲಿ ಬೊಕ್ಕೆನ್ ಎಂಬ ಮರದ ಕತ್ತಿ, ಜೊ ಎಂಬ ದೊಣ್ಣೆ ಹಿಡಿದು ಅಭ್ಯಾಸ. ಹಗಲೆಲ್ಲ ಹೊಲದ ಕೆಲಸ. ಸಂಜೆ ಡೋಜೊದಲ್ಲಿ ಬರಿಗೈ ಪಟ್ಟುಗಳು. ಬೇಸಾಯವೂ ಯುದ್ಧವಿದ್ಯೆಯೂ ಒಂದೇ ಎಂಬುದು ಉಯೆಶಿಬಾ ಅವರ ನಂಬಿಕೆ, ಹಾಗಾಗಿ ಶಿಷ್ಯರಿಗೆ ಗುದ್ದಲಿಯಿಂದ ಬಿಡುಗಡೆ ಇರಲಿಲ್ಲ.

ಮೊದಮೊದಲು ಕಲಿಯಲು ಹಲವರಿದ್ದರು. ಒಬ್ಬೊಬ್ಬರೇ ಬಿಟ್ಟರು. ಬಿಟ್ಟವರನ್ನು ದೂರುವಂತಿಲ್ಲ. ಮದುವೆಯಾಗಿ ಹೆಂಡತಿ ಮಕ್ಕಳಾದ ಮೇಲೆ, ಅನ್ನಕ್ಕೇ ಅಭಾವವಿದ್ದ ಆ ವರ್ಷಗಳಲ್ಲಿ, ದಿನಗಟ್ಟಲೆ ಇನ್ನೊಬ್ಬರ ಹೊಲದಲ್ಲಿ ದುಡಿಯಲು ಯಾರಿಂದಾದೀತು? ಸೈತೊ ಅವರ ಕೈಗೆ ರೈಲ್ವೆಯ ಸಂಬಳ ಬರುತ್ತಿತ್ತು, ದಿನ ಬಿಟ್ಟು ದಿನ ಬಿಡುವಿತ್ತು. ತಾವು ಉಳಿದುಕೊಳ್ಳಲು ಇದೇ ಕಾರಣವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಕೊನೆಕೊನೆಗೆ ಎಷ್ಟೋ ಬೆಳಗಿನ ಅಭ್ಯಾಸಗಳಲ್ಲಿ ಗುರು ಒಬ್ಬರು, ಶಿಷ್ಯ ಒಬ್ಬರು, ಇಬ್ಬರೇ. ಉಯೆಶಿಬಾ ತಮ್ಮ ಜಾಗದಲ್ಲೇ ಅವರಿಗೆ ಮನೆ ಕಟ್ಟಿಕೊಳ್ಳಲು ನೆಲ ಕೊಟ್ಟರು. ಸೈತೊ ಅವರ ಹೆಂಡತಿ ಉಯೆಶಿಬಾ ದಂಪತಿಗಳ ಊಟ, ಆರೈಕೆ ನೋಡಿಕೊಂಡರು. ಈ ಹೆಣ್ಣುಮಗಳ ದುಡಿಮೆಯ ಬಗ್ಗೆ ಐಕಿಡೊ ಚರಿತ್ರೆ ಬರೆದವರು ಇನ್ನೂ ಹೆಚ್ಚು ಬರೆಯಬೇಕಿತ್ತು. ವಯಸ್ಸಾದ ಇಬ್ಬರನ್ನು ನೋಡಿಕೊಂಡು, ತನ್ನ ಮಕ್ಕಳನ್ನೂ ಸಾಕಿ, ಗಂಡನಿಗೆ ಅಭ್ಯಾಸದ ಹೊತ್ತು ಉಳಿಸಿಕೊಟ್ಟವರು ಅವರು. ಮುಂದೆ ಇವಾಮಾದಿಂದ ಲೋಕಕ್ಕೆ ಹೋದ ವಿದ್ಯೆಯಲ್ಲಿ ಅವರ ಪಾಲಿದೆ.

ಉಯೆಶಿಬಾ ಅವರಲ್ಲಿ ಕಲಿತ ದೊಡ್ಡ ದೊಡ್ಡ ಶಿಷ್ಯರೆಲ್ಲ ಒಂದು ಕಷ್ಟ ಹೇಳುತ್ತಾರೆ. ಗುರುಗಳ ಮಾತು ಅರ್ಥವಾಗುತ್ತಿರಲಿಲ್ಲ. ಅವರು ಜಪಾನಿನ ಪುರಾಣದ ದೇವತೆಗಳ ಬಗ್ಗೆ, ಶಬ್ದಗಳ ಒಳಶಕ್ತಿಯ ಬಗ್ಗೆ ಮಾತಾಡುತ್ತಿದ್ದರು. ಟೋಕಿಯೊದ ಡೋಜೊಗೆ ಬಂದರೆ ಒಂದೆರಡು ಪಟ್ಟು ಮಿಂಚಿನಂತೆ ತೋರಿಸಿ, ಉಪದೇಶ ಮಾಡಿ, ಹೊರಟುಬಿಡುತ್ತಿದ್ದರು. ಶಿಷ್ಯರು ಬೆರಗಾಗುತ್ತಿದ್ದರು, ಆದರೆ ಈಗ ನೋಡಿದ್ದನ್ನು ಮಾಡುವುದು ಹೇಗೆಂದು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು. ಸೈತೊ ಅವರು ಕೊಡುವ ಚಿತ್ರವೇ ಬೇರೆ. ಇವಾಮಾದಲ್ಲಿ ಅದೇ ಗುರು ಪಾದದ ಕೋನವನ್ನು, ಸೊಂಟದ ಎತ್ತರವನ್ನು, ಕೈಬೆರಳಿನ ದಿಕ್ಕನ್ನು ಕಣ್ಣಿಟ್ಟು ತಿದ್ದುತ್ತಿದ್ದರಂತೆ. ಒಂದು ಪಟ್ಟನ್ನು ಹಿಡಿತದಿಂದ, ನಿಂತ ನಿಲುವಿನಿಂದ ಶುರುಮಾಡಿ, ಅದು ಮೈಗೂಡಿದ ಮೇಲಷ್ಟೇ ಹರಿಯುವ ಚಲನೆಗೆ ಹೋಗಲು ಬಿಡುತ್ತಿದ್ದರಂತೆ. ಬುಡ ಗಟ್ಟಿಯಾಗದೆ ಹರಿವಿಗೆ ಕೈಹಾಕಿದರೆ ಅವರಿಗೆ ಸಿಟ್ಟು.

ಒಬ್ಬ ಮನುಷ್ಯ ಎರಡು ಕಡೆ ಎರಡು ಬಗೆಯಾಗಿ ಕಲಿಸಲು ಕಾರಣವೇನಿರಬಹುದು? ಇವಾಮಾದಲ್ಲಿ ಬಿಡುವಿನ ಪ್ರತಿ ದಿನವೂ ತಪ್ಪದೆ ಇರುತ್ತಿದ್ದವನು ಅದೇ ಶಿಷ್ಯ. ಮೊನ್ನೆ ತಿದ್ದಿದ್ದು ಇವತ್ತು ಉಳಿದಿದೆಯೇ ಎಂದು ಗುರು ನೋಡಬಹುದಿತ್ತು. ಉಳಿದಿದ್ದರೆ ಅದರ ಮೇಲೆ ಇನ್ನೊಂದನ್ನು ಇಡಬಹುದಿತ್ತು. ಬಂದು ಹೋಗುವ ನೂರು ಮಂದಿಯ ಎದುರಿಗೆ ಹಾಗೆ ಮಾಡಲು ಆಗುವುದಿಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮಾಡಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದಸರಾ ಕುಸ್ತಿಗೆ ಮುಂಚೆ ನಾಲ್ಕು ದಿನ ಬಂದವನಿಗೆ ಉಸ್ತಾದರು ಕಲಿಸುವುದೇ ಬೇರೆ, ಮಟ್ಟಿ ಹದ ಮಾಡುತ್ತ ವರ್ಷಗಟ್ಟಲೆ ಅಲ್ಲೇ ಬಿದ್ದಿರುವವನಿಗೆ ಕಲಿಸುವುದೇ ಬೇರೆ. ಉಯೆಶಿಬಾ ಅವರಲ್ಲಿ ಇವಾಮಾದ ಆ ಸೂಕ್ಷ್ಮವಾದ ಗುರುವನ್ನು ಹೊರಗೆ ತಂದವರು ಸೈತೊ ಎಂದೇ ನಾನು ಹೇಳುತ್ತೇನೆ. ಗುರುವಿನಿಂದ ಶಿಷ್ಯ ಬೆಳೆದ ಕತೆಗಳು ನಮಗೆ ಬೇಕಾದಷ್ಟು ಗೊತ್ತು. ಉಳಿದು ನಿಂತ ಶಿಷ್ಯನಿಂದ ಗುರು ತನ್ನೊಳಗಿನದನ್ನು ಇನ್ನಷ್ಟು ಬಿಚ್ಚಿ ಕೊಟ್ಟ ಕತೆ ಇದು.

ಕತ್ತಿ, ದೊಣ್ಣೆಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಬೆಳಗಿನ ಹೊತ್ತು ಗುರುಗಳು ಹೆಸರಿಲ್ಲದೆ, ಕ್ರಮ ಹೇಳದೆ, ಬಾ ಹೊಡೆ, ಬಾ ತಿವಿ ಎನ್ನುತ್ತ ಹೋಗುತ್ತಿದ್ದ ಚಲನೆಗಳನ್ನು ಸೈತೊ ಒಂದೊಂದಾಗಿ ನೆನಪಿನಲ್ಲಿಟ್ಟರು. ಆಮೇಲೆ ಅವನ್ನು ಪಾಠದ ಕ್ರಮಕ್ಕೆ ತಂದರು. ಒಬ್ಬರೇ ಮಾಡುವ ಕತ್ತಿಯ ಬೀಸು 7, ದೊಣ್ಣೆಯ ಬೀಸು ತಿವಿತಗಳು 20, ಇಬ್ಬರು ಎದುರುಬದುರಾಗಿ ಕತ್ತಿ ಹಿಡಿದು ಮಾಡುವ ಅಭ್ಯಾಸ 5, ದೊಣ್ಣೆ ಹಿಡಿದು ಮಾಡುವುದು 10. ಜೊತೆಗೆ 31 ಹೆಜ್ಜೆಯ ಒಂದು, 13 ಹೆಜ್ಜೆಯ ಒಂದು ದೊಣ್ಣೆಯ ವರಸೆ. ಇವತ್ತು ಇಟಲಿಯಲ್ಲೋ ಸ್ವೀಡನ್ನಿನಲ್ಲೋ ಅಮೆರಿಕದಲ್ಲೋ ಐಕಿಡೊ ಕಲಿಯುವವರು ಐದನೆಯ ಬೀಸು ಎಂದರೆ ಯಾವುದೆಂದು ಒಡನೆ ತೋರಿಸುತ್ತಾರೆ. ಈ ಎಣಿಕೆ ಉಯೆಶಿಬಾ ಅವರದಲ್ಲ, ಸೈತೊ ಅವರದು. ಕೈಯಲ್ಲಿ ಕತ್ತಿ ಇದ್ದರೂ ದೊಣ್ಣೆ ಇದ್ದರೂ ಏನೂ ಇಲ್ಲದಿದ್ದರೂ ಮೈ ತಿರುಗುವ ಬಗೆ ಒಂದೇ ಎಂಬುದು ಗುರುಗಳ ಪಾಠದ ತಿರುಳು. ಅದನ್ನು ಸಾಧಾರಣ ಮನುಷ್ಯರೂ ಹತ್ತಬಹುದಾದ ಮೆಟ್ಟಿಲಾಗಿ ಕಡೆದದ್ದು ಶಿಷ್ಯನ ಕೆಲಸ. ಉಯೆಶಿಬಾ ಇದ್ದಾಗಲೇ ಟೋಕಿಯೊದ ಮುಖ್ಯ ಡೋಜೊದಲ್ಲಿ ಭಾನುವಾರಗಳಂದು ಪಾಠ ಮಾಡಲು, ಆಯುಧಗಳ ಅಭ್ಯಾಸವನ್ನೂ ಕಲಿಸಲು ಸೈತೊ ಅವರಿಗೆ ಅನುಮತಿ ಇತ್ತು.

ಸ್ಥಾಪಕರ ಉಳಿದ ಶಿಷ್ಯರೂ ಸಾಮಾನ್ಯರಲ್ಲ. ಗೊಜೊ ಶಿಯೊದಾ ಯುದ್ಧಕ್ಕೆ ಮುಂಚಿನ ಬಿರುಸಾದ ಅಭ್ಯಾಸವನ್ನು ಎತ್ತಿಕೊಂಡು ಯೊಶಿನ್‌ಕಾನ್ ಕಟ್ಟಿದರು. ಕೊಯಿಚಿ ತೊಹೈ ಪ್ರಾಣಶಕ್ತಿಯ ಪಾಠಕ್ಕೆ ಒತ್ತು ಕೊಟ್ಟರು. ಮಗ ಕಿಶ್ಶೊಮಾರು ಉಯೆಶಿಬಾ ಟೋಕಿಯೊದಲ್ಲಿ ಸಂಸ್ಥೆಯನ್ನು ನಿಲ್ಲಿಸಿ, ಎಲ್ಲರೂ ಕಲಿಯುವಂಥ ಹರಿವಿನ ಶೈಲಿಯನ್ನು ಬೆಳೆಸಿ, ಐಕಿಡೊ ಲೋಕವ್ಯಾಪಿಯಾಗುವಂತೆ ಮಾಡಿದರು. ಅವರು ಇಲ್ಲದಿದ್ದರೆ ನಮ್ಮವರೆಗೆ ಈ ವಿದ್ಯೆ ಬರುತ್ತಲೇ ಇರಲಿಲ್ಲ. ಯಾರ ಐಕಿಡೊ ನಿಜವಾದದ್ದು ಎಂಬ ಜಗಳ ಐಕಿಡೊ ಲೋಕದಲ್ಲಿ ಬಹಳ ನಡೆದಿದೆ. ನನಗೆ ಆ ಜಗಳದಲ್ಲಿ ಆಸಕ್ತಿಯಿಲ್ಲ. ಸೈತೊ ಅವರು ತಮ್ಮದೆಂದು ಏನನ್ನೂ ಕಟ್ಟಲು ಬಯಸಲಿಲ್ಲ. ನನ್ನನ್ನು ಅದು ಸೆಳೆಯುತ್ತದೆ.

1969ರ ಏಪ್ರಿಲ್ 26ರಂದು ಉಯೆಶಿಬಾ ತೀರಿಕೊಂಡರು. ಇವಾಮಾದ ಡೋಜೊ ಮತ್ತು ದೇಗುಲ ಎರಡನ್ನೂ ನೋಡಿಕೊಳ್ಳುವ ಹೊಣೆ ಸೈತೊ ಅವರ ಪಾಲಿಗೆ ಬಂತು. ಮುಂದಿನ 33 ವರ್ಷ ಅದನ್ನು ಹೊತ್ತರು. 1970ರ ದಶಕದಲ್ಲಿ ಫೋಟೊಗಳ ಸಮೇತ ಐದು ಸಂಪುಟಗಳಲ್ಲಿ ತಾವು ಕಲಿತದ್ದನ್ನು ಅಚ್ಚು ಮಾಡಿಸಿದರು. ಆಗ ಕೆಲವರಿಗೆ ಸಂದೇಹ ಬಂತು. ಇಷ್ಟು ಕ್ರಮಬದ್ಧವಾದ ವಿದ್ಯೆ ಆ ಅನುಭಾವಿ ಮುದುಕರದ್ದೇ, ಅಥವಾ ಸೈತೊ ತಾವೇ ಮಾಡಿಕೊಂಡದ್ದೇ?

ಉತ್ತರ 1981ರಲ್ಲಿ ದೊರೆಯಿತು. ಐಕಿಡೊ ಚರಿತ್ರೆಯ ಸಂಶೋಧಕ, ಅಮೆರಿಕದ ಸ್ಟ್ಯಾನ್ಲಿ ಪ್ರಾನಿನ್ ಅವರಿಗೆ ಯುದ್ಧಪೂರ್ವದ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ಒಂದು ತೆಳ್ಳಗಿನ ಪುಸ್ತಕ ಸಿಕ್ಕಿತು. ‘ಬುಡೊ’ ಎಂದು ಅದರ ಹೆಸರು. 1938ರಲ್ಲಿ ಉಯೆಶಿಬಾ ಸ್ವತಃ ಪಟ್ಟುಗಳನ್ನು ಮಾಡಿ ತೋರಿಸುತ್ತಿರುವ ಚಿತ್ರಗಳು ಅದರಲ್ಲಿದ್ದವು. ಸೈತೊ ಅವರು ಆ ಪುಸ್ತಕವನ್ನು ಅದುವರೆಗೆ ನೋಡಿರಲೇ ಇಲ್ಲ. ಪ್ರಾನಿನ್ ತಂದು ತೋರಿಸಿದಾಗ ಪುಟ ತಿರುವಿ ನೋಡುತ್ತಾರೆ, ತಾವು ಕಲಿಸುತ್ತ ಬಂದಿದ್ದ ಮೂಲ ಪಟ್ಟುಗಳು ಬಹುಮಟ್ಟಿಗೆ ಹಾಗೇ ಅಲ್ಲಿವೆ. ಆಮೇಲೆ ಅವರು ಪಾಠಕ್ಕೆ ಹೋದಲ್ಲೆಲ್ಲ ಆ ಪುಸ್ತಕವನ್ನು ಜೊತೆಗೆ ಒಯ್ದರು. ಒಂದು ಪಟ್ಟು ತೋರಿಸುವುದು, ಪುಸ್ತಕ ತೆರೆದು ಅದೇ ಪಟ್ಟಿನ ಪುಟವನ್ನು ಸುತ್ತ ನಿಂತ ಶಿಷ್ಯರಿಗೆಲ್ಲ ಕಾಣುವಂತೆ ಹಿಡಿಯುವುದು, ಸ್ಥಾಪಕರು ಮಾಡಿದ್ದು ಹೀಗೆ ಎನ್ನುವುದು. ಹೊತ್ತಿಗೆ ಸಿಗುವ ಮೊದಲೇ ಮೈ ಅದನ್ನು ಕಾಪಾಡಿಕೊಂಡಿತ್ತು. ಒಂದು ವಿದ್ಯೆಯ ಇತಿಹಾಸದಲ್ಲಿ ಇಂಥ ಸಾಕ್ಷಿ ಸಿಗುವುದು ಅಪರೂಪ.

ಅಷ್ಟರಲ್ಲಿ ಇವಾಮಾಕ್ಕೆ ಹೊರದೇಶದವರು ಬಂದು ಉಚಿದೇಶಿಗಳಾಗಿ, ಅಂದರೆ ಡೋಜೊದಲ್ಲೇ ವಾಸವಿದ್ದು ಕಲಿಯುವ ಶಿಷ್ಯರಾಗಿ ನಿಲ್ಲತೊಡಗಿದ್ದರು. ಬೆಳಿಗ್ಗೆ ಅಂಗಳ ಗುಡಿಸುವುದು, ದೇಗುಲದ ಸುತ್ತ ಎಲೆ ಬಾಚುವುದು, ಆಯುಧದ ಅಭ್ಯಾಸ, ತೋಟದ ಕೆಲಸ, ಅಡುಗೆ, ಸಂಜೆ ಊರವರ ಜೊತೆ ತರಗತಿ. ರೈಲ್ವೆಯ ಹುಡುಗ ಯಾವ ರೀತಿ ಕಲಿತಿದ್ದನೋ ಅದೇ ರೀತಿ. ಸೈತೊ ಅವರ ತೋಳು, ಎದೆ ಭಾರಿ ಗಾತ್ರದವು, ದನಿ ದೊಡ್ಡದು. ಆದರೆ ಹೊಸಬರು ಹಿಡಿದರೂ ಹಳಬರು ಹಿಡಿದರೂ ತಿದ್ದುವ ತಾಳ್ಮೆ ಒಂದೇ. ಕಾಯಿಲೆ ಬಿದ್ದ ಮೇಲೂ ಪಾಠ ನಿಲ್ಲಿಸಲಿಲ್ಲ. 2002ರ ಮೇ 13ರಂದು, 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇವಾಮಾ ಈಗ ಕಸಾಮಾ ನಗರಕ್ಕೆ ಸೇರಿಹೋಗಿದೆ. ಐಕಿ ದೇಗುಲದಲ್ಲಿ ಪ್ರತಿ ವರ್ಷ ಏಪ್ರಿಲ್ 29ರಂದು ಸ್ಥಾಪಕರ ನೆನಪಿನ ಉತ್ಸವ ನಡೆಯುತ್ತದೆ, ದೇಶದೇಶಗಳಿಂದ ಅಭ್ಯಾಸಿಗಳು ಬರುತ್ತಾರೆ.

ನಮ್ಮ ಬೆಂಗಳೂರಿನಲ್ಲೂ ಈಗ ಐಕಿಡೊ ಹೇಳಿಕೊಡುವವರಿದ್ದಾರೆ. ಕೇಳುಗರಲ್ಲಿ ಯಾರಾದರೂ, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, ಕಲಿಯಬೇಕೆಂದು ಹೊರಟರೆ ಒಂದು ಸಲಹೆ ಕೊಡುತ್ತೇನೆ. ಮೊದಲು ಬೀಳುವುದನ್ನು ಕಲಿಸುತ್ತಾರೆಯೇ ನೋಡಿ. ಉಕೆಮಿ ಎನ್ನುವ ಆ ಉರುಳುವ ಅಭ್ಯಾಸ ಸರಿಯಾಗಿ ಬಾರದೆ ಪಟ್ಟಿಗೆ ಹೋಗಬೇಡಿ, ಹೆಗಲು ಮಣಿಕಟ್ಟುಗಳಿಗೆ ಪೆಟ್ಟಾಗುತ್ತದೆ. ಆಮೇಲೆ ಗುರುಗಳ ಅನುಮತಿ ಕೇಳಿ ಅವರ ಮಣಿಕಟ್ಟನ್ನು ನಿಮ್ಮ ಬಲವಿದ್ದಷ್ಟೂ ಹಾಕಿ ಹಿಡಿಯಿರಿ. ನಗುತ್ತಾ ಹಿಡಿಯಲು ಬಿಟ್ಟು, ನಿಮಗೆ ನೋವಾಗದಂತೆ ತಿರುಗಿ ನಿಮ್ಮ ಪಕ್ಕದಲ್ಲಿ ನಿಂತು, ಮತ್ತೆ ಇನ್ನೊಂದು ಸಲ ಹಿಡಿ ಎಂದರೆ, ಅಂಥವರ ಹತ್ತಿರ ನಾಳೆಯಿಂದಲೇ ಹೋಗಲು ಶುರುಮಾಡಿ.